ನೆಗ್ಗು ಬಿದ್ದ ತಪ್ಪಲೆ

೨೧ ಜನವರಿ ೧೯೫೭, ಸೋಮವಾರ. ಶಿರಾ

"ದಿನಕ್ಕೆ ಒಂದು ಪುಟ ಬರಿ ಗುಲ್ಷನ್, ಇಲ್ಲದಿದ್ರೆ ಕಲಿತ ಕನ್ನಡಕ್ಕೆ ಕಿಲುಬು ಹಿಡಿಯುತ್ತೆ" ಎಂದು ಇಂದ್ರಮ್ಮ ಮೇಡಂ ಈ ನೋಟ್‌ಬುಕ್ ಕೊಟ್ಟಿದ್ದಾರೆ. ಕಿಲುಬಿನ ವಿಷಯವನ್ನು ಕಲಾಯಿ ಹಾಕುವವನ ಮಗಳಿಗೆ ಹೇಳಿಕೊಡಬೇಕೆ? ಹಿತ್ತಾಳೆ ಪಾತ್ರೆಯ ಒಳಗಿನ ತವರದ ಪದರ ಸವೆದರೆ ಹುಳಿ ಹಸಿರಾಗುತ್ತದೆ, ಉಂಡವರ ಹೊಟ್ಟೆ ತೊಳೆಸುತ್ತದೆ. ಆ ಪದರವನ್ನು ಮತ್ತೆ ಹಾಕಿ ಬೆಳ್ಳಗೆ ಮಾಡುವುದು ನಮ್ಮ ಅಬ್ಬಾನ ಕಸುಬು. ಊರಿನವರಿಗೆ ಅವರು ಕಲಾಯಿ ಹಬೀಬ್ ಸಾಬರು.

ನಮ್ಮ ಮನೆಯಲ್ಲಿ ನನ್ನೊಬ್ಬಳನ್ನು ಬಿಟ್ಟರೆ ಕನ್ನಡ ಓದಲು ಯಾರಿಗೂ ಬಾರದು. ಆದ್ದರಿಂದ ಇಲ್ಲಿ ಏನು ಬರೆದರೂ ನಡೆಯುತ್ತದೆ. ದೊಡ್ಡಪ್ಪ ಗುಲಾಮ್ ಮೊಹಿದ್ದೀನರ ಗಡ್ಡ ಆಡಿನ ಗಡ್ಡ. ಬರೆದೆ, ಏನೂ ಆಗಲಿಲ್ಲ.

ನಾಳೆ ಹೊರಡುತ್ತೇವೆ. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಬ್ಬಾ ಒಂಟೆತ್ತಿನ ಗಾಡಿ ಕಟ್ಟಿಕೊಂಡು ಪಾವಗಡ, ಕೊರಟಗೆರೆ, ಮಧುಗಿರಿ ಸುತ್ತಿ ಯುಗಾದಿಗೆ ಮುಂಚೆ ಹಿಂದಿರುಗುತ್ತಾರೆ. ಬೆಂಕಿಗೆ ಗಾಳಿ ಊದುವ ತಿದಿ ಒತ್ತಲು ದೊಡ್ಡಪ್ಪನ ಮಗ ಮುಕ್ತಾರ್ ಹೋಗುತ್ತಿದ್ದ. ಅವನೀಗ ಪಾವಗಡದ ಮೋಟಾರಿನಲ್ಲಿ ಕ್ಲೀನರ್. ಎರಡು ಚಕ್ರದಿಂದ ನಾಲ್ಕು ಚಕ್ರಕ್ಕೆ ಬಡ್ತಿ ಸಿಕ್ಕಿದೆ. ಅಮ್ಮಿ ತೀರಿಕೊಂಡ ಮೇಲೆ ನಾನು ಈ ಎರಡು ತಿಂಗಳು ದೊಡ್ಡಪ್ಪನ ಮನೆಯಲ್ಲಿ ದೊಡ್ಡಮ್ಮ ಅಖ್ತರ್ ಬೇಗಂ ಹೇಳಿದ ಕೆಲಸ ಮಾಡಿಕೊಂಡು ಇರುವುದು ವಾಡಿಕೆ. ಈ ಸಲ ಅಬ್ಬಾ, "ಗುಲ್ಷನ್ ಬರಲಿ" ಎಂದುಬಿಟ್ಟರು.

ದೊಡ್ಡಪ್ಪ ತಟ್ಟೆಯಿಂದ ಕೈ ತೆಗೆದರು. "ಹದಿನಾರು ವರ್ಷದ ಹುಡುಗಿ ಬೀದಿಯಲ್ಲಿ ತಿದಿ ಒತ್ತಬೇಕಾ? ಆ ಕಸುಬು ಮುಚ್ಚು ಹಬೀಬ್. ನನ್ನ ಅಂಗಡಿ ಬಾಗಿಲಲ್ಲಿ ಕೂತ್ಕೋ, ಎರಡು ಹೊತ್ತು ರೊಟ್ಟಿಗೆ ಮೋಸ ಇಲ್ಲ. ಹುಡುಗಿಗೂ ಸ್ಕೂಲು ಸಾಕು."

"ಗಾಡಿಗೆ ಪರದೆ ಕಟ್ತೀನಿ ಭಾಯಿ. ನನ್ನ ಕೈ ನಡೆಯೋವರೆಗೂ ನನ್ನ ಮಗಳು ಓದ್ತಾಳೆ" ಎಂದರು ಅಬ್ಬಾ.

ಮಾರ್ಚ್ ಇಪ್ಪತ್ತೈದು, ಸೋಮವಾರ ಎಲ್.ಎಸ್., ಅಂದರೆ ಲೋಯರ್ ಸೆಕೆಂಡರಿ ಪರೀಕ್ಷೆ. ಪಾಸಾದರೆ ಟ್ರೈನಿಂಗಿಗೆ ಸೇರಿಸಿ ಟೀಚರ್ ಮಾಡಿಸುವ ಹೊಣೆ ತಮ್ಮದು ಎಂದು ಮೇಡಂ ಹೇಳಿದ್ದಾರೆ. ಇಪ್ಪತ್ತನೇ ತಾರೀಖಿಗೆ ಶಿರಾದಲ್ಲಿ ಇರುತ್ತೇವೆ ಎಂದು ಅಬ್ಬಾ ನನ್ನ ತಲೆ ಮುಟ್ಟಿ ಹೇಳಿದ್ದಾರೆ. ಚರಿತ್ರೆ, ಭೂಗೋಳ, ಲೆಕ್ಕದ ಪುಸ್ತಕಗಳನ್ನು ಗಾಡಿಯಲ್ಲಿ ಇಟ್ಟಿದ್ದೇನೆ. ಈ ನೋಟ್‌ಬುಕ್ಕಿನ ರಟ್ಟಿನ ಮೇಲೆ ತಾರೀಖನ್ನು ದೊಡ್ಡದಾಗಿ ಬರೆದಿದ್ದೇನೆ.

೨೫ ಜನವರಿ. ಬಡವನಹಳ್ಳಿ

ಎತ್ತಿನ ಹೆಸರು ನವಾಬ. ನವಾಬರ ಹಾಗೆಯೇ ನಡೆಯುತ್ತಾನೆ, ಯಾರ ಅವಸರವೂ ಅವನಿಗೆ ತಟ್ಟುವುದಿಲ್ಲ.

ಇದಕ್ಕಿಂತ ಹೊಲಸು ಕೆಲಸ ಲೋಕದಲ್ಲಿ ಇಲ್ಲ. ನೆಲದಲ್ಲಿ ಗುಂಡಿ ತೆಗೆದು ಇದ್ದಿಲು ತುಂಬಬೇಕು, ತಿದಿ ಒತ್ತಬೇಕು. ಪಾತ್ರೆಯನ್ನು ಮರಳು ಹಾಕಿ ತಿಕ್ಕಬೇಕು. ಅದು ಕಾದು ಕೆಂಪಾಗುವ ಹೊತ್ತಿಗೆ ತವರ ಹಿಡಿಯಲೆಂದು ಅಬ್ಬಾ ನವಸಾಗರದ ಪುಡಿ ಎರಚುತ್ತಾರೆ, ಬಿಳಿ ಹೊಗೆ ಗಂಟಲಿಗೆ ನುಗ್ಗುತ್ತದೆ. ತವರದ ಕಡ್ಡಿಯನ್ನು ತಾಗಿಸಿ ಅರಳೆಯಿಂದ ಸುತ್ತಲೂ ಬಳಿದರೆ ಹಿತ್ತಾಳೆಯ ಒಳಗೆಲ್ಲ ಬೆಳ್ಳಿ ಹರಿದ ಹಾಗೆ ಆಗುತ್ತದೆ. ಆ ಒಂದು ಕ್ಷಣ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಉಳಿದದ್ದೆಲ್ಲ ಮಸಿ. ನನ್ನ ಉಗುರಿನ ಸಂದಿಯ ಕಪ್ಪು ಪರೀಕ್ಷೆಯ ಹೊತ್ತಿಗಾದರೂ ಹೋಗಬೇಕು.

ಇವತ್ತು ಅಬ್ಬಾ ನವಸಾಗರವನ್ನು ಎರಡು ಸಲ ಪಾತ್ರೆಯ ಹೊರಗೆ ಎರಚಿದರು. ಗಾಳಿ ಎಂದರು. ಗಾಳಿ ಇರಲಿಲ್ಲ.

೨೯ ಜನವರಿ. ಮಧುಗಿರಿ

ಮಧುಗಿರಿಯ ಬೆಟ್ಟವನ್ನು ನಾನು ನೋಡಿದ್ದು ಇದೇ ಮೊದಲು. ಊರಿನ ತಲೆಯ ಮೇಲೆ ಒಂದೇ ಬಂಡೆ. ಬಿಸಿಲಿಗೆ ಬೆತ್ತಲೆ ಮೈಯೊಡ್ಡಿ ನಿಂತಿದೆ. ಕೋರ್ಟಿನ ಹತ್ತಿರ ಗಾಡಿ ನಿಲ್ಲಿಸಿದಾಗ ಕುತ್ತಿಗೆ ನೋಯುವವರೆಗೆ ನೋಡಿ, "ಅಬ್ಬಾ, ಇಷ್ಟೆತ್ತರ ಯಾರು ಹತ್ತುತ್ತಾರೆ?" ಎಂದು ಕೇಳಿದೆ.

ಅಬ್ಬಾ ತಲೆ ಆ ಕಡೆ ಈ ಕಡೆ ತಿರುಗಿಸಿ, "ಎಲ್ಲಿ?" ಎಂದರು.

ನಾನು ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಮಧುಗಿರಿಯಲ್ಲಿ ನಿಂತವನಿಗೆ ಬೆಟ್ಟ ಕಾಣದಿದ್ದರೆ ಇನ್ನೇನು ಕಾಣುತ್ತದೆ. ನವಸಾಗರ ಹೊರಗೆ ಬಿದ್ದದ್ದು, ನನ್ನನ್ನೇ ಕರೆದುಕೊಂಡು ಬಂದದ್ದು, ಎಲ್ಲ ಒಟ್ಟಿಗೆ ಅರ್ಥವಾಯಿತು. ಅವರು ಹೇಳಿದರು: ಮೊದಲು ಅಂಚುಗಳು ಹೋದವು, ಈಗ ನಡುವೆ ಒಂದು ಮಬ್ಬು ಉಳಿದಿದೆ. ದಾರಿಯನ್ನು ನವಾಬ ನೋಡಿಕೊಳ್ಳುತ್ತಾನೆ. ಇಲ್ಲಿಗೆ ಮದರಾಸಿನಲ್ಲಿ ಓದಿದ ಕಣ್ಣಿನ ಡಾಕ್ಟರು ಗುರುವಾರ ಬರುತ್ತಾರಂತೆ. ಅದಕ್ಕಾಗಿಯೇ ಈ ಸಲ ಮಧುಗಿರಿ ಮೊದಲು.

೩೧ ಜನವರಿ, ಗುರುವಾರ. ಮಧುಗಿರಿ

ಡಾಕ್ಟರು ಒಳ್ಳೆಯವರು. ತುಂಬ ಹೊತ್ತು ನೋಡಿದರು. ಕಣ್ಣಿನ ಹಿಂದಿನ ನರ ಒಣಗಿದೆ, ಎರಡು ವರ್ಷ ಮುಂಚೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು, ಈಗ ಇರುವಷ್ಟೂ ಮಳೆಗಾಲದವರೆಗೆ ಉಳಿಯುವುದಿಲ್ಲ ಎಂದರು. "ಬೆಂಕಿ ನೋಡಿ ನೋಡಿ ಹಿಂಗಾಯ್ತಾ ಸ್ವಾಮಿ?" ಎಂದು ಅಬ್ಬಾ ಕೇಳಿದರು. ಹಾಗೇನಿಲ್ಲ, ಕೆಲವರಿಗೆ ಬರುತ್ತದೆ ಎಂದರು.

ಅಬ್ಬಾ ಅವರಿಗೆ ಸಲಾಂ ಮಾಡಿದರು. ಡಾಕ್ಟರು ನಿಂತಿದ್ದ ಕಡೆಗಲ್ಲ, ಕುರ್ಚಿಯ ಕಡೆಗೆ.

೩ ಫೆಬ್ರವರಿ

ಅಬ್ಬಾ ಹಿಂದಿರುಗೋಣ ಎಂದರು. ಬೇಡ ಎಂದವಳು ನಾನು. ಇಲ್ಲಿ ಸುಳ್ಳು ಬರೆದು ಪ್ರಯೋಜನವಿಲ್ಲ, ಅವರ ಮೇಲಿನ ಕನಿಕರಕ್ಕೆ ಬೇಡ ಎನ್ನಲಿಲ್ಲ. ಅಬ್ಬಾಗೆ ಕಣ್ಣಿಲ್ಲ ಎಂದು ಶಿರಾದಲ್ಲಿ ಗೊತ್ತಾದ ದಿನವೇ ದೊಡ್ಡಪ್ಪ ಅವರನ್ನು ಅಂಗಡಿ ಬಾಗಿಲಲ್ಲಿ ಕೂರಿಸುತ್ತಾರೆ, ನನ್ನನ್ನು ಒಲೆಯ ಮುಂದೆ. ಪರೀಕ್ಷೆಯವರೆಗಾದರೂ ಯಾರಿಗೂ ಗೊತ್ತಾಗಬಾರದು.

ಪರದೆ ಇದೆಯಲ್ಲ. ದೊಡ್ಡಪ್ಪನ ಬಾಯಿ ಮುಚ್ಚಿಸಲು ಕಟ್ಟಿದ ಪರದೆ. ಗಾಡಿಯ ಹಿಂಭಾಗದಿಂದ ನೆಲದವರೆಗೆ ಇಳಿಬಿಟ್ಟರೆ ಅದರ ಹಿಂದೆ ಗುಂಡಿ, ತಿದಿ, ನಾನು. ಮುಂದೆ ಅಬ್ಬಾ. ಸಾಬರ ಮನೆಯ ಹೆಣ್ಣು ಒಳಗಿದೆ ಎಂದರೆ ಯಾರೂ ಇಣುಕುವುದಿಲ್ಲ. ಅಬ್ಬಾ ಹಳೆಯ ಗಿರಾಕಿಗಳೊಂದಿಗೆ ಮಾತಾಡುತ್ತ ಪಾತ್ರೆ ಇಸಿದುಕೊಂಡು ಒಳಗೆ ತಳ್ಳುತ್ತಾರೆ, ನಾನು ಕಲಾಯಿ ಹಾಕಿ ಹೊರಗೆ ತಳ್ಳುತ್ತೇನೆ.

"ನಿನಗೆ ಬರೋದಿಲ್ಲವಲ್ಲ ಬೇಟಿ" ಎಂದರು.

"ಹೇಳಿಕೊಡಿ" ಎಂದೆ.

೧೧ ಫೆಬ್ರವರಿ. ಕೊರಟಗೆರೆ

ಎಡಗೈ ಮೂರು ಕಡೆ ಸುಟ್ಟಿದೆ. ಮೊದಲ ದಿನ ಹಾಕಿದ ಕಲಾಯಿ ತೊನ್ನು ಹತ್ತಿದ ಹಾಗಿತ್ತು, ಕೆರೆದು ಮತ್ತೆ ಹಾಕಿದೆ. ಪಾತ್ರೆ ಹದಕ್ಕೆ ಕಾದಿದೆಯೋ ಇಲ್ಲವೋ ಎಂದು ಬಣ್ಣ ನೋಡಿ ಹೇಳುವುದು ಕಷ್ಟ. ಅಬ್ಬಾ ಪರದೆಯ ಆಚೆ ಕೂತು ವಾಸನೆಯಿಂದಲೇ ಹೇಳುತ್ತಾರೆ. ಒಂದು ಸಲ ಕೆಮ್ಮಿದರೆ ತವರ ಹಾಕು. ಎರಡು ಸಲ ಕೆಮ್ಮಿದರೆ ತಿದಿ ನಿಲ್ಲಿಸು. ಇವತ್ತು ಒಬ್ಬ ಅಜ್ಜಿ, "ಈ ವರ್ಸ ಕೆಮ್ಮು ಜಾಸ್ತಿ ಆಗೈತೆ ಸಾಬ್ರೆ, ಹಿಪ್ಪಲಿ ಕಷಾಯ ಕುಡೀರಿ" ಎಂದು ಹೇಳಿ ಮನೆಗೆ ಹೋಗಿ ಕಷಾಯವನ್ನೇ ತಂದುಕೊಟ್ಟಳು. ಅಬ್ಬಾ ಮುಖ ಹಿಂಡಿಕೊಂಡು ಕುಡಿಯುವುದನ್ನು ಪರದೆಯ ಸಂದಿಯಿಂದ ನೋಡಿ ನಾನು ಬಾಯಿಗೆ ಸೆರಗು ತುರುಕಿಕೊಂಡೆ.

ಭೂಗೋಳ ಎರಡು ಪಾಠ ಓದಿದೆ. ಹೋದ ವಾರ ಎಂಟು ಓದಬೇಕಿತ್ತು.

೨೦ ಫೆಬ್ರವರಿ. ಹೊಳವನಹಳ್ಳಿ

ಸಂತೆಯ ದಿನ. ಮೂವತ್ತೊಂದು ಪಾತ್ರೆ. ಈಗ ಕೆಮ್ಮು ಬರುವುದಕ್ಕೆ ಮೊದಲೇ ನನ್ನ ಕೈ ತವರಕ್ಕೆ ಹೋಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಬ್ಬಾ ಕೆಮ್ಮುವುದನ್ನೇ ಬಿಟ್ಟರು. ನಾನು ಗಮನಿಸಿದ್ದು ಸಂಜೆ.

ಶಿವರುದ್ರಮ್ಮ ಎಂಬವರು ಇಪ್ಪತ್ತು ವರ್ಷದ ಗಿರಾಕಿ. ತಮ್ಮ ಕೊಳಗದೊಳಗೆ ಮುಖ ನೋಡಿಕೊಂಡು, "ಏನ್ ಸಾಬ್ರೆ, ಈ ಸಲ ಕನ್ನಡಿ ಮಾಡಿಬುಟ್ಟಿದ್ದೀರಲ್ಲ. ಹೋದ್ ವರ್ಸ ಅಲ್ಲಲ್ಲಿ ಬುಟ್ಟೋಗಿತ್ತು, ಹೇಳಿದ್ರೆ ನೊಂದ್ಕೊತೀರಾ ಅಂತ ಸುಮ್ಕಿದ್ದೆ. ವಯಸ್ಸಾದಂಗೆಲ್ಲ ನಿಮ್ ಕೈ ಹಸನಾಯ್ತಾ ಐತೆ ಕಣಪ್ಪ" ಎಂದರು.

ಒಳಗೆ ನನಗೆ ಖುಷಿಯಾಯಿತು. ಎದ್ದು ಪರದೆ ಸರಿಸಿ ಅದು ನನ್ನ ಕೈ ಕಣಮ್ಮ ಎನ್ನಬೇಕು ಅನ್ನಿಸಿತು. ಆಮೇಲೆ ಅಬ್ಬಾ ಊಟ ಬೇಡ ಎಂದರು. ರೊಟ್ಟಿ ಮುರಿದು ಕೈಗೆ ಕೊಟ್ಟರೂ ಹಾಗೇ ಹಿಡಿದುಕೊಂಡು ಕೂತರು. ಇಪ್ಪತ್ತು ವರ್ಷದ ಕೆಲಸದಲ್ಲಿ ಕೊನೆಯ ವರ್ಷ ಕಲಾಯಿ ಬಿಟ್ಟುಹೋಗಿದ್ದನ್ನು ಅವರು ಇವತ್ತೇ ಕೇಳಿದ್ದು. ನನ್ನ ಖುಷಿ ನನಗೇ ನಾಚಿಕೆ ತಂದಿತು.

೨ ಮಾರ್ಚ್. ಮಿಡಿಗೇಶಿ ದಾಟಿ

ಶಿವರಾತ್ರಿ ಕಳೆಯಿತು, ಬಿಸಿಲು ಏರಿದೆ. ಪಾವಗಡದ ದಾರಿಯಲ್ಲಿ ಬಂಡೆ, ಜಾಲಿ, ಮತ್ತೆ ಬಂಡೆ. ಜನರ ಮಾತಿನಲ್ಲಿ ತೆಲುಗು ನುಸುಳಲು ಶುರುವಾಗಿದೆ. ಅಬ್ಬಾಗೆ ಈಗ ಮಬ್ಬೂ ಇಲ್ಲ. ನಿನ್ನೆ ಹಗಲು ಹನ್ನೆರಡಕ್ಕೆ, "ಸಂಜೆ ನಮಾಜಿಗೆ ಹೊತ್ತಾಯ್ತಾ?" ಎಂದು ಕೇಳಿದರು. ನಾನು ಇನ್ನೂ ಇದೆ ಎಂದೆ.

ಹಿಂದಿನಿಂದ ಮೋಟಾರು ಬಂತು. ಹಿಂದಿನ ಏಣಿಗೆ ಜೋತುಬಿದ್ದಿದ್ದ ಮುಕ್ತಾರ್ ನಮ್ಮ ಗಾಡಿ ನೋಡಿ ಹಲ್ಲು ಬಿಟ್ಟು, "ಚಾಚಾ, ಎತ್ತನ್ನು ಮೇಲೆ ಹಾಕಲಾ?" ಎಂದು ಕೂಗಿಕೊಂಡು ಹೋದ. ನಾವು ಅರ್ಧ ದಿನ ನಡೆದದ್ದನ್ನು ಅವನು ಬೀಡಿ ಸೇದುವಷ್ಟರಲ್ಲಿ ಮುಗಿಸುತ್ತಾನೆ. ಧೂಳು ಕೂರುವವರೆಗೆ ನವಾಬ ನಿಂತೇ ಇದ್ದ.

ದಾರಿಯಲ್ಲಿ ಅಬ್ಬಾ ಪಾತ್ರೆ ಗುರುತಿಸುವುದನ್ನು ಹೇಳಿಕೊಟ್ಟರು. ಅವರಿಗೆ ಅಕ್ಷರ ಬಾರದು. ಪಾತ್ರೆ ಇಸಿದುಕೊಳ್ಳುವಾಗ ಕಂಠದ ಕೆಳಗೆ, ಬುಡದ ಸುತ್ತ ಬೆರಳಾಡಿಸಿ ನೆಗ್ಗು ಹುಡುಕುತ್ತಾರೆ. ಇದು ಬಾವಿಕಟ್ಟೆಗೆ ಬಡಿದದ್ದು, ಇದು ಸೊಸೆ ಎತ್ತಿ ಹಾಕಿದ್ದು. ಇಡೀ ಬೀದಿಯ ಪಾತ್ರೆ ಕಲೆತರೂ ಒಂದೂ ತಪ್ಪುವುದಿಲ್ಲ.

"ಪಾತ್ರೆಯ ಮೇಲೆ ಹೆಸರು ಕೊರೆಸಿರುತ್ತಾರಲ್ಲ ಅಬ್ಬಾ, ನಾನು ಓದಿದರೆ ಸಾಕಲ್ಲ" ಎಂದೆ.

"ಹೆಸರು ಕೊಟ್ಟವರದ್ದು. ನೆಗ್ಗು ಇಟ್ಟುಕೊಂಡವರದ್ದು" ಎಂದರು. ಅಕ್ಷರ ಬಾರದವರು ಹೀಗೆ ಏನಾದರೂ ಹೇಳುತ್ತಲೇ ಇರುತ್ತಾರೆ.

೯ ಮಾರ್ಚ್, ಶನಿವಾರ. ಬಲಸಮುದ್ರ

ಇದನ್ನು ಇವತ್ತೇ ಬರೆದಿಡಬೇಕು.

ನಿನ್ನೆಯಿಂದ ಅಬ್ಬಾಗೆ ಮೈ ಬಿಸಿ. ಬೆಳಿಗ್ಗೆ ಹೇಗೋ ಕೂತು ಪಾತ್ರೆಗಳನ್ನು ಇಸಿದುಕೊಂಡರು. ಒಂದೊಂದನ್ನೂ ಬೆರಳಿನಿಂದ ನೋಡಿ, ಯಾರ ಮನೆಯದು ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಒಳಗೆ ತಳ್ಳಿದರು. "ಪರ್ವತಯ್ಯನ ಮನೆದು, ಕಂಠದ ಕೆಳಗೆ ಹೆಬ್ಬೆರಳಷ್ಟು ನೆಗ್ಗು" ಎಂದದ್ದು ನನಗೆ ಕೇಳಿಸಿತ್ತು. ಮಧ್ಯಾಹ್ನದ ಹೊತ್ತಿಗೆ ಕೂರಲಾಗದೆ ಗಾಡಿಯ ಕೆಳಗೆ ಮಲಗಿಬಿಟ್ಟರು. ನಾಲ್ಕು ಗಂಟೆಗೆ ಹೆಂಗಸರೆಲ್ಲ ಬಂದು ಪರದೆಯ ಮುಂದೆ ಗಲಾಟೆ ಶುರುಮಾಡಿದರು, ಒಲೆ ಹಚ್ಚಬೇಕು ಪಾತ್ರೆ ಕೊಡಿ ಎಂದು. ಅಬ್ಬಾನನ್ನು ಎಬ್ಬಿಸಲು ಮನಸ್ಸು ಬರಲಿಲ್ಲ. ನನಗೆ ಓದಲು ಬರುತ್ತದಲ್ಲ. ಪರದೆಯ ಒಳಗಿನಿಂದಲೇ ಒಂದೊಂದು ಹೆಸರು ಓದಿ ಕೂಗಿದೆ. ಕೂಗಿದವರ ಕೈ ಪರದೆಯ ಕೆಳಗೆ ಬಂದು ಪಾತ್ರೆ ತೆಗೆದುಕೊಂಡು ಹೋಗುತ್ತಿತ್ತು. ಇಷ್ಟು ಸುಲಭದ ಕೆಲಸಕ್ಕೆ ಅಬ್ಬಾ ಇಡೀ ಜನ್ಮ ಬೆರಳು ಸವೆಸಿದರಲ್ಲ ಎಂದುಕೊಂಡೆ.

"ಲಕ್ಕಮ್ಮ" ಎಂದು ಕೂಗಿದೆ. ಯಾರೂ ಬರಲಿಲ್ಲ. "ಲಕ್ಕಮ್ಮನವರ ತಪ್ಪಲೆ." ಹೊರಗಿನ ಗಲಾಟೆ ತಟ್ಟನೆ ನಿಂತಿತು. ಕೇಳಿಸಲಿಲ್ಲವೇನೋ ಎಂದು ಮೂರನೇ ಸಲ ಗಟ್ಟಿಯಾಗಿ ಕೂಗಿದೆ. ಆಗ ಒಂದು ಮುದಿ ಕೈ ಪರದೆಯ ಕೆಳಗೆ ಬಂತು. ತಪ್ಪಲೆಯನ್ನು ಹಿಡಿಯುವ ಮೊದಲು ಅದನ್ನು ಸವರಿತು. ಆಮೇಲೆ ಎಳೆದುಕೊಂಡಿತು.

ಸಂಜೆ ಪರ್ವತಯ್ಯನ ಹೆಂಡತಿ ಬಂದು ನಮ್ಮ ತಪ್ಪಲೆ ಎಲ್ಲಿ ಎಂದಳು. ಆಗ ತಿಳಿಯಿತು. ಲಕ್ಕಮ್ಮ ಪರ್ವತಯ್ಯನ ಮೊದಲ ಹೆಂಡತಿ. ಎರಡು ವರ್ಷದ ಹಿಂದೆ ಬಾವಿಯಲ್ಲಿ ಸಿಕ್ಕಳು. ಬಿದ್ದಳು ಎಂದು ಒಬ್ಬರು, ಇನ್ನೊಬ್ಬರು ಮಾತಾಡಲಿಲ್ಲ. ತಪ್ಪಲೆ ಅವಳ ಮದುವೆಗೆ ತವರಿನವರು ಕೊಟ್ಟದ್ದು. ಇದೇ ಊರಿನ ಆಚೆ ಬೀದಿಯಲ್ಲಿರುವ ಅವಳ ತಾಯಿ ಚಿಕ್ಕಹನುಮಕ್ಕ ಆ ಒಂದು ತಪ್ಪಲೆಯಾದರೂ ಕೊಡಿ ಎಂದು ಎರಡು ವರ್ಷ ಬೇಡಿದರೂ ಪರ್ವತಯ್ಯ ಕೊಟ್ಟಿರಲಿಲ್ಲ. ಇವತ್ತು ನಾನು ಸತ್ತ ಮಗಳ ಹೆಸರನ್ನು ಊರ ಮುಂದೆ ಮೂರು ಸಲ ಕೂಗಿ ಅದನ್ನು ಅವಳ ಕೈಗೆ ಕೊಟ್ಟಿದ್ದೇನೆ.

ನಾಳೆ ಬೆಳಿಗ್ಗೆ ಪಂಚಾಯಿತಿ.

೧೦ ಮಾರ್ಚ್. ಬಲಸಮುದ್ರ

ಬೇರೆಲ್ಲೂ ಅಲ್ಲ, ನಮ್ಮ ಗಾಡಿಯ ಮುಂದೆಯೇ ಸೇರಿದರು. ನಾನು ಪರದೆಯ ಸಂದಿಯಲ್ಲಿ ಕಣ್ಣಿಟ್ಟು ಕೂತಿದ್ದೆ. ಚಿಕ್ಕಹನುಮಕ್ಕ ತಪ್ಪಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದಳು. ನೆಲದ ಮೇಲೆ ಇಡು ಎಂದರೂ ಇಡಲಿಲ್ಲ.

"ಇದಿ ನಾ ಬಿಡ್ಡದಿ. ನನ್ ಕೂಸಿಂದು. ಹೆಸ್ರೈತೆ ನೋಡ್ರಿ" ಎಂದಳು.

ಪಟೇಲ ಶಂಕರಲಿಂಗಪ್ಪ ಹೇಳಿದರು: "ಲಕ್ಕಮ್ಮ ಅನ್ನೋರು ಸುತ್ತಲ ಊರಾಗೆಲ್ಲ ಹತ್ ಮಂದಿ ಅವ್ರೆ ಕಣವ್ವ. ಹೆಸ್ರು ನೋಡಿ ಕೊಡಾಕಾಗಲ್ಲ. ಇದು ಪರ್ವತಯ್ಯನ ಮನೆಯಿಂದ ಬಂದಿದ್ದೋ ಅಲ್ವೋ ಸಾಬ್ರು ಹೇಳ್ಲಿ. ಇಪ್ಪತ್ ವರ್ಸದಿಂದ ಒಂದ್ ಲೋಟ ಅದಲು ಬದಲು ಮಾಡಿದೋರಲ್ಲ. ಅವರ ಮಾತೇ ಕೊನೆ."

"ಚೆಪ್ಪು ಸಾಬು" ಎಂದ ಪರ್ವತಯ್ಯ. "ನಮ್ಮನೆಯಿಂದ ನೀನೇ ಇಸ್ಕೊಂಡಿದ್ದು. ಹೇಳ್ಬುಡು."

ತಪ್ಪಲೆಯನ್ನು ಅಬ್ಬಾನ ಮಡಿಲಿಗೆ ಇಟ್ಟರು. ಅವರ ಬೆರಳು ಬುಡದಿಂದ ಮೇಲೆ ಬಂದು ಕಂಠದ ಕೆಳಗೆ ನಿಂತಿತು. ಹೆಬ್ಬೆರಳು ನೆಗ್ಗಿನೊಳಗೆ ಸರಿಯಾಗಿ ಕೂತಿದ್ದನ್ನು ನಾನು ನೋಡಿದೆ. ಅವರಿಗೆ ಗೊತ್ತಾಯಿತು. ಹೌದು ಎಂದುಬಿಡಿ ಅಬ್ಬಾ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹೌದು ಎಂದರೆ ತಪ್ಪಲೆ ಹಿಂದಕ್ಕೆ ಹೋಗುತ್ತದೆ, ನಾವು ಮುಂದಕ್ಕೆ ಹೋಗುತ್ತೇವೆ, ಇಪ್ಪತ್ತಕ್ಕೆ ಶಿರಾ.

ಚಿಕ್ಕಹನುಮಕ್ಕ ಅಳುತ್ತಿರಲಿಲ್ಲ. ಅವಳ ಬಳೆಯಿಲ್ಲದ ಕೈ ತಪ್ಪಲೆಯ ಇನ್ನೊಂದು ಅಂಚನ್ನು ಹಿಡಿದೇ ಇತ್ತು.

"ಪಟೇಲ್ರೆ, ನಾನೇನ್ ಹೇಳ್ಲಿ" ಎಂದರು ಅಬ್ಬಾ. "ನಂಗೆ ಕಣ್ ಕಾಣ್ಸಾಕಿಲ್ಲ. ಮಧುಗಿರಿ ಡಾಕ್ಟ್ರೇ ಕೈ ಎತ್ತವ್ರೆ. ಕುರುಡನ ಸಾಕ್ಷಿ ಯಾವ ಪಂಚಾಯ್ತಿಗಾಗ್ತೈತೆ."

ಯಾರೋ ಅವರ ಮುಖದ ಮುಂದೆ ಕೈಯಾಡಿಸಿ ನೋಡಿದರು. ಪಟೇಲರು, "ಮತ್ತೆ ಈ ಕಲಾಯಿ ಎಲ್ಲಾ ಯಾರಯ್ಯ ಹಾಕಿದ್ದು?" ಎಂದರು.

"ನನ್ ಮಗ್ಳು."

ಎಲ್ಲರೂ ಪರದೆಯ ಕಡೆ ತಿರುಗಿದರು. ನಾನು ಸಂದಿಯಿಂದ ಕಣ್ಣು ತೆಗೆದೆ.

ಸಾಕ್ಷಿ ಇಲ್ಲ ಎಂದ ಮೇಲೆ ಹೆಸರೇ ಉಳಿಯಿತು ಎಂದು ಪಟೇಲರು ತಪ್ಪಲೆಯನ್ನು ಮುದುಕಿಗೇ ಬಿಟ್ಟರು. ಪರ್ವತಯ್ಯ ಬಾಯಿಗೆ ಬಂದದ್ದು ಬೈದು ಹೋದ. ಸ್ವಲ್ಪ ಹೊತ್ತಿಗೆ ಹೆಂಗಸರು ನಿನ್ನೆ ಒಯ್ದ ಪಾತ್ರೆಗಳನ್ನು ತಂದು ಗಾಡಿಯ ಮುಂದೆ ಇಟ್ಟರು. ನಿನ್ನೆ ಕನ್ನಡಿಯಾಗಿದ್ದ ಕಲಾಯಿ ಇವತ್ತು, "ಹೆಣ್ಣುಡ್ಗಿ ಹಾಕಿದ್ದು, ಯಾರಿಗ್ಗೊತ್ತು ಏನ್ ಬೆರ್ಸವಳೋ, ಮಕ್ಳುಮರಿ ಉಣ್ಣೋ ಪಾತ್ರೆ" ಎಂದಾಯಿತು. ಕೆರೆದು ಕೊಡಿ ಎಂದರು. ನಾನು ಹಾಕಿದ್ದನ್ನು ನಾನೇ ಕೆರೆದೆ. ಹದಿನೇಳು ಪಾತ್ರೆ.

"ನಿಮಗೆ ಗೊತ್ತಿತ್ತು. ಸುಳ್ಳು ಹೇಳಿದಿರಿ" ಎಂದೆ ಅಬ್ಬಾಗೆ.

"ಸುಳ್ಳೇನು ಹೇಳಿದೆ? ಕಣ್ಣಿಲ್ಲ ಅಂದೆ. ಕೈ ವಿಷಯ ಯಾರೂ ಕೇಳಲಿಲ್ಲ" ಎಂದರು.

ನನಗೆ ಸಿಟ್ಟು ಬಂದಿದೆ. ನನ್ನ ಸ್ಕೂಲನ್ನು ಎತ್ತಿ ಆ ಮುದುಕಿಯ ತಪ್ಪಲೆಯೊಳಗೆ ಹಾಕಿ ಕೊಟ್ಟುಬಿಟ್ಟರು. ಅವರು ನನ್ನ ಅಪ್ಪ, ಅವಳ ಅಪ್ಪನಲ್ಲ.

ಹೊರಡುವಾಗ ಚಿಕ್ಕಹನುಮಕ್ಕ ಬಂದು ಪರದೆಯ ಈಚೆಗೆ ಕೂತಳು. "ಆ ಹೆಸ್ರು ಇನ್ನೊಂದ್ ಕಿತ ಕೂಗಮ್ಮಾ. ಎರಡ್ ವರ್ಸದಿಂದ ಈ ಊರಾಗೆ ಯಾರೂ ಕೂಗಿಲ್ಲ" ಎಂದಳು. ಸಿಟ್ಟಿನಲ್ಲೇ ಇದ್ದೆ. ಆದರೂ ಕೂಗಿದೆ.

೧೩ ಮಾರ್ಚ್. ಪಾವಗಡ

ಯಾರೂ ಪಾತ್ರೆ ಕೊಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮುಕ್ತಾರ್ ಸಿಕ್ಕಿದ. ಹಲ್ಲು ಬಿಡಲಿಲ್ಲ. "ಚಾಚಾ, ನಿಮ್ಮ ಕಣ್ಣಿನ ವಿಷಯ ನಮ್ಮ ಅಬ್ಬಾಗೆ ನಿನ್ನೆಯೇ ಹೇಳಿದೆ" ಎಂದ. ಅಂದರೆ ದೊಡ್ಡಪ್ಪನಿಗೆ. ಸುದ್ದಿ ಮೋಟಾರಿನಲ್ಲಿ ಹೋಗುತ್ತದೆ, ನಾವು ನವಾಬನ ಹಿಂದೆ.

೧೬ ಮಾರ್ಚ್. ಮಿಡಿಗೇಶಿ ಹತ್ತಿರ

ಅಬ್ಬಾಗೆ ಜ್ವರ ಏರಿದೆ. ಛತ್ರದ ಜಗಲಿ. ನವಾಬನ ಲಾಳವೂ ಬಿದ್ದಿದೆ.

೨೧ ಮಾರ್ಚ್. ಅಲ್ಲೇ

ಜ್ವರ ಬಿಟ್ಟಿದೆ. ಎದ್ದು ಕೂತು ಗಂಜಿ ಕುಡಿದರು. ಲೆಕ್ಕದ ಪುಸ್ತಕದ ಹಾಳೆ ಹರಿದು ಒಲೆ ಹಚ್ಚಿದೆ, ಮೊದಲ ಪಾಠದ ಹಾಳೆಗಳು ಮಾತ್ರ.

೨೫ ಮಾರ್ಚ್, ಸೋಮವಾರ. ಬಡವನಹಳ್ಳಿ ಬರುವುದಕ್ಕೆ ಮೊದಲು ಒಂದು ಹಟ್ಟಿ

ಇವತ್ತು ಒಂದು ಪಾತ್ರೆ ಸಿಕ್ಕಿತು.

ನಾಲ್ಕೇ ಮನೆಯ ಹಟ್ಟಿ. ಪರದೆ ಕಟ್ಟಲಿಲ್ಲ. ಯಾರಿಂದ ಮುಚ್ಚಿಡುವುದು ಇನ್ನು. ಒಬ್ಬ ಹೆಂಗಸು ಹೊರಗೆ ಬಂದು, "ಕಲಾಯಿ ಹಾಕೋದು ಯಾರು?" ಎಂದಳು. ನಾನು ಎಂದೆ. ಅವಳು ನನ್ನ ಸುಟ್ಟ ಕೈಗಳನ್ನು ನೋಡಿ, "ಅಂಗಾರೆ ಗೊತ್ತಿರ್ಬೇಕು" ಎಂದು ಹಾಲು ಕಾಯಿಸುವ ಪಾತ್ರೆ ತಂದಳು. ಅಬ್ಬಾ ತಿದಿಗೆ ಕೂತರು. ನನ್ನ ತಿದಿ ಅವರು ಒತ್ತಿದ್ದು ಇದೇ ಮೊದಲು.

ಪಾತ್ರೆಯ ಬುಡ ತೆಳ್ಳಗಾಗಿತ್ತು, ಹೆಚ್ಚು ಕಾಯಿಸಿದರೆ ತೂತಾಗುತ್ತಿತ್ತು. ಅಂಚನ್ನು ಮೊದಲು ಕಾಯಿಸಿ ಶಾಖ ತಾನಾಗಿ ಬುಡಕ್ಕೆ ಇಳಿಯುವವರೆಗೆ ಕಾದೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನವಸಾಗರ ಚಿಟಗುಟ್ಟುವ ಸದ್ದು ಒಂದು ಹಂತದಲ್ಲಿ ಮೆತ್ತಗಾಗುತ್ತದೆ, ಆಗ ತವರ ಹಾಕಬೇಕು, ಅದಕ್ಕೆ ಮೊದಲಲ್ಲ. ಒಂದೇ ಸುತ್ತಿಗೆ ಬಳಿದೆ. ಎಲ್ಲೂ ಎಳೆ ನಿಲ್ಲಲಿಲ್ಲ. ಅಬ್ಬಾ ಪಾತ್ರೆ ಇಸಿದುಕೊಂಡು ಒಳಗೆ ಬೆರಳಾಡಿಸಿ ಹಿಂದಕ್ಕೆ ಕೊಟ್ಟರು. ಹಿಡಿಯ ಹತ್ತಿರ ಎರಡು ಸಣ್ಣ ನೆಗ್ಗುಗಳಿದ್ದವು, ಕರು ಒದ್ದಿರಬೇಕು.

ಆ ಹೆಂಗಸು ನಮ್ಮಿಬ್ಬರಿಗೂ ಮುದ್ದೆ ಕೊಟ್ಟಳು. ಇಡೀ ಪ್ರಯಾಣದಲ್ಲಿ ಇವತ್ತು ಒಳ್ಳೆಯ ದಿನ.

೨೮ ಮಾರ್ಚ್, ಗುರುವಾರ. ಶಿರಾ

ದೊಡ್ಡಪ್ಪ ಬೈಯಲಿಲ್ಲ. ಅಬ್ಬಾನ ಕೈ ಹಿಡಿದು ಗಾಡಿಯಿಂದ ಇಳಿಸಿಕೊಂಡು ಅತ್ತರು. ಬೈದಿದ್ದರೆ ಚೆನ್ನಾಗಿತ್ತು. ಅವರ ಗಡ್ಡದ ಬಗ್ಗೆ ಬರೆದದ್ದನ್ನು ಹೊಡೆದು ಹಾಕುತ್ತಿದ್ದೇನೆ.

ಅಂಗಡಿ ಬಾಗಿಲಲ್ಲಿ ಅಬ್ಬಾಗೆ ಚಾಪೆ ಹಾಕಿಯಾಗಿದೆ. ನವಾಬನಿಗೂ ಗಾಡಿಗೂ ಗಿರಾಕಿ ಬಂದು ನೋಡಿಕೊಂಡು ಹೋದ. ತಿದಿಯನ್ನು ಯಾರೂ ಕೇಳಲಿಲ್ಲ.

ಸಂಜೆ ಇಂದ್ರಮ್ಮ ಮೇಡಂ ಬಂದರು. ಒಳಗೆ ಬರಲಿಲ್ಲ, ಹೊಸಲಿನ ಹೊರಗೇ ನಿಂತು, "ಸೋಮವಾರ ಎಲ್ಲಿದ್ದೆ ಗುಲ್ಷನ್? ಗಂಟೆ ಹೊಡೆಯೋವರೆಗೂ ಬಾಗಿಲಲ್ಲೇ ನಿಂತಿದ್ದೆ" ಎಂದರು. ಯಾವ ಸೋಮವಾರ ಎಂದು ಕೇಳಿಬಿಟ್ಟೆ. ಅವರು ನನ್ನ ಮುಖವನ್ನು ನೋಡಿದರು, ಆಮೇಲೆ ಕೈಗಳನ್ನು. ಹಾಗೇ ತಿರುಗಿ ಹೋದರು.

ನೋಟ್‌ಬುಕ್ ತೆಗೆದು ಸೋಮವಾರದ ಪುಟ ಓದಿದೆ. ಪಾತ್ರೆಯ ಬುಡ, ನವಸಾಗರದ ಸದ್ದು, ಕರು. ಪರೀಕ್ಷೆ ಎಂಬ ಮಾತೇ ಇಲ್ಲ. ರಟ್ಟಿನ ಮೇಲೆ ಬರೆದಿದ್ದ ತಾರೀಖಿನ ಮೇಲೆ ಮಸಿಯ ಕೈ ಕೂತಿದೆ. ನನ್ನದೇ ಕೈ. ಅಳು ಬರಬೇಕಿತ್ತು, ಕಾದೆ, ಬರಲಿಲ್ಲ.

೩೧ ಮಾರ್ಚ್, ಭಾನುವಾರ. ಶಿರಾ

ರಂಜಾನ್ ಕಳೆದ ಮೇಲೆ ನನ್ನ ನಿಕಾ. ಹಿಂದೂಪುರದ ಕಡೆಯವರು. ಮಿಷನ್ ಇಟ್ಟುಕೊಂಡಿರುವ ದರ್ಜಿ, ಕೆಟ್ಟವನಲ್ಲವಂತೆ. ನನ್ನ ಕೈಗಳ ಮೇಲಿನ ಕಲೆ ಮದರಂಗಿಯಲ್ಲಿ ಮುಚ್ಚಿಹೋಗುತ್ತದೆ ಎಂದು ದೊಡ್ಡಮ್ಮ ಸಮಾಧಾನ ಹೇಳಿದರು.

ದೊಡ್ಡಪ್ಪ ಹೊಸ ಹಿತ್ತಾಳೆ ತಪ್ಪಲೆಯೊಂದನ್ನು ತಂದಿದ್ದಾರೆ. ನಿನ್ನೆ ಹಿತ್ತಲಲ್ಲಿ ನಾನೇ ಅದಕ್ಕೆ ಕಲಾಯಿ ಹಾಕಿದೆ, ಅದು ಕೊನೆಯದು. ಇವತ್ತು ದೊಡ್ಡಮ್ಮ ಮೊಳೆ, ಸುತ್ತಿಗೆ ತಂದಿಟ್ಟು, "ನಿನಗೇ ಅಕ್ಷರ ಬರುತ್ತಲ್ಲ, ನಿನ್ನ ಹೆಸರು ನೀನೇ ಕೊರ್ಕೋ" ಎಂದರು. ಚುಕ್ಕೆ ಚುಕ್ಕೆಯಾಗಿ ಕೊರೆದೆ. ಗುಲ್ಷನ್. ಇಷ್ಟು ವರ್ಷ ಕಲಿತ ಅಕ್ಷರದಲ್ಲಿ ಮೂರು ಕೆಲಸಕ್ಕೆ ಬಂದವು.

ಅಬ್ಬಾ ಚಾಪೆಯಿಂದ ಕೈ ಚಾಚಿದರು. ತಪ್ಪಲೆ ಕೊಟ್ಟೆ. ಬುಡದಿಂದ ಮೇಲಕ್ಕೆ ಸುತ್ತಲೂ ಬೆರಳಾಡಿಸಿದರು. ಚುಕ್ಕೆಗಳ ಮೇಲೆ ಬೆರಳು ನಿಲ್ಲದೆ ದಾಟಿಹೋಯಿತು. ಹೊಸ ಪಾತ್ರೆ, ಎಲ್ಲೂ ಏನೂ ಇಲ್ಲ. ಪಕ್ಕದಲ್ಲಿ ತಡಕಿ ಸುತ್ತಿಗೆ ಎತ್ತಿಕೊಂಡು, ಕಂಠದ ಕೆಳಗೆ ಹೆಬ್ಬೆರಳಿನಿಂದ ಜಾಗ ನೋಡಿ, ಒಂದೇ ಏಟು ಹಾಕಿದರು.

"ಅಯ್ಯೋ, ಹೊಸಾ ತಪ್ಪಲೆ" ಎಂದು ದೊಡ್ಡಮ್ಮ ಓಡಿಬಂದರು.

"ಇರಲಿ ಭಾಭಿ. ಹೆಸರು ಓದೋಕೆ ನನಗೆ ಬರೋದಿಲ್ಲ. ಎಲ್ಲಿ ಹೋದರೂ ಇದು ನನ್ನ ಮಗಳ ಮನೆದು ಅಂತ ಕೈಗೆ ಗೊತ್ತಾಗಬೇಕು" ಎಂದರು ಅಬ್ಬಾ.

ದೊಡ್ಡಮ್ಮ ತಪ್ಪಲೆ ಇಸಿದುಕೊಳ್ಳಲು ಹೋದರು, ಅಬ್ಬಾ ಬಿಡಲಿಲ್ಲ. ಆಗ ದೊಡ್ಡಮ್ಮ ಸುಮ್ಮನಿರಲಾರದೆ ಹೇಳಿದರು. ಹಿಂದೂಪುರದವರ ಮನೆಯಲ್ಲಿ ಈಗ ಎಲ್ಲ ಅಲ್ಯೂಮಿನಿಯಂ ಅಂತೆ, ಇದನ್ನು ಅಟ್ಟಕ್ಕೆ ಹಾಕುತ್ತಾರಂತೆ, ಆ ಬೀದಿಗೆ ಕಲಾಯಿಯವರು ಬರುವುದನ್ನೇ ಬಿಟ್ಟಿದ್ದಾರಂತೆ.

ಅಬ್ಬಾಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ನೆಗ್ಗಿನೊಳಗೆ ಹೆಬ್ಬೆರಳು ಇಟ್ಟುಕೊಂಡು ಕೂತಿದ್ದಾರೆ.